ಶೇಂಗಾ ಹಿಂಡಿ ಮಾರಾಟಕ್ಕಿಡುವ ಮೊದಲು ಲೆಕ್ಕ ಹಾಕಿ

ಹುಬ್ಬಳ್ಳಿ-ಧಾರವಾಡದ ಕಡೆ ಹಿಂಡಿ ಅಂದರೆ ಚಟ್ನಿಪುಡಿ. ಇಲ್ಲಿ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಚಲೋ ಮಾಡುವವರಿಗೆ ಬರವಿಲ್ಲ. ಪ್ರತಿ ಓಣಿಯಲ್ಲೂ ಒಬ್ಬರು ಸಿಗುತ್ತಾರೆ. ಅವರಲ್ಲಿ ಎಷ್ಟೋ ಜನ ದಸರಾ ಹೊತ್ತಿಗೆ ಮಾರಾಟ ಶುರು ಮಾಡಿ, ಸಂಕ್ರಾಂತಿ ಬರುವಷ್ಟರಲ್ಲಿ ನಿಲ್ಲಿಸಿಬಿಡುತ್ತಾರೆ. ರುಚಿ ಕೆಟ್ಟಿರುವುದಿಲ್ಲ, ಗಿರಾಕಿಯೂ ಇರುತ್ತಾರೆ. ದರ ಹಾಕುವಾಗ ತಪ್ಪಿರುತ್ತದೆ. ಅದಕ್ಕೇ ಇಲ್ಲಿ ದರದ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಮೊದಲು ಒಂದೇ ಪದಾರ್ಥ ಆರಿಸಿ. ಹಿಂಡಿ, ಖಡಕ್ ರೊಟ್ಟಿ, ಸಂಡಿಗೆ, ಉಪ್ಪಿನಕಾಯಿ ಎಲ್ಲ ಒಟ್ಟಿಗೆ ಬೇಡ. ಶೇಂಗಾ ಹಿಂಡಿಯಿಂದ ಶುರು ಮಾಡಿ ಎಂಬುದು ನನ್ನ ಮಾತು. ರೊಟ್ಟಿಯ ಹಾಗೆ ದಾರಿಯಲ್ಲಿ ಮುರಿಯುವುದಿಲ್ಲ, ಅಗಸಿಯಷ್ಟು ಬೇಗ ಕಮಟು ಹಿಡಿಯುವುದೂ ಇಲ್ಲ.

ಆಮೇಲೆ ಗುರುತಿಲ್ಲದವರಿಗೆ ಮಾರಿ ನೋಡಿ. ನೆಂಟರು, ಬಾಜೂ ಮನೆಯವರು ಪುಕ್ಕಟೆ ತಿಂದು ‘ಭಾಳ ಚಲೋ ಆಗೇದ ವೈನಿ’ ಅನ್ನುತ್ತಾರೆ. ಅದನ್ನು ನಂಬಿ ಮಷಿನ್ ಖರೀದಿಸಬೇಡಿ. ಪರಿಚಯವೇ ಇಲ್ಲದವರು ರೊಕ್ಕ ಕೊಟ್ಟು ಒಯ್ದು, ಮತ್ತೆ ಕೇಳಿಕೊಂಡು ಬಂದರೆ ಆಗ ಮುಂದುವರಿಯಿರಿ.

ದರ ಹಾಕುವುದು

ಇಲ್ಲೇ ಎಡವುವುದು. ಶೇಂಗಾ ಇಷ್ಟು, ಮೆಣಸಿನಕಾಯಿ ಇಷ್ಟು ಎಂದು ಕೂಡಿಸಿ, ಮೇಲೆ ಹತ್ತೋ ಹದಿನೈದೋ ರೂಪಾಯಿ ಇಟ್ಟರೆ ಲಾಭ ಬಂತು ಅಂದುಕೊಳ್ಳುತ್ತಾರೆ. ಹಾಗಾಗುವುದಿಲ್ಲ.

ತಕ್ಕಡಿ ಹಿಡಿದು ಶುರು ಮಾಡಿ. ಒಂದು ಕಿಲೋ ಶೇಂಗಾ ಹುರಿದು, ಸಿಪ್ಪೆ ಹಾರಿಸಿ, ಸುಟ್ಟ ಕಾಳು ಆರಿಸಿ ತೆಗೆದ ಮೇಲೆ ಒಂದು ಕಿಲೋ ಉಳಿಯುವುದಿಲ್ಲ. ಮೆಣಸಿನಕಾಯಿಯೂ ತೊಟ್ಟು ಮುರಿದ ಮೇಲೆ ಕಡಿಮೆಯಾಗುತ್ತದೆ. ಅದಕ್ಕೇ ತಂದ ಮಾಲಿನ ತೂಕ ಬಿಟ್ಟುಬಿಡಿ, ಕೊನೆಗೆ ಡಬ್ಬಿಯಲ್ಲಿ ಬಿದ್ದ ಹಿಂಡಿಯ ತೂಕ ಬರೆದಿಡಿ. ಲೆಕ್ಕಕ್ಕೆ ಅದೇ ಆಧಾರ.

ಒಂದು ಉದಾಹರಣೆ ನೋಡೋಣ. ನಿಮ್ಮೂರಿನ ದರ ಬೇರೆ ಇರಬಹುದು, ಲೆಕ್ಕದ ರೀತಿ ಇದೇ. 10 ಕಿಲೋ ಹಿಂಡಿ ಸಿಕ್ಕಿತು, ಅಂದರೆ 200 ಗ್ರಾಂನ 50 ಪ್ಯಾಕೆಟ್. ಶೇಂಗಾ, ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಎಲ್ಲ ಸೇರಿ 1,800 ರೂಪಾಯಿ ಎಂದಿಟ್ಟುಕೊಳ್ಳಿ. ಪ್ಯಾಕೆಟಿಗೆ 36 ರೂಪಾಯಿ ಬಿತ್ತು. ಹೆಚ್ಚಿನವರು ಇಲ್ಲಿಗೇ ನಿಂತು 50 ರೂಪಾಯಿಗೆ ಮಾರುತ್ತಾರೆ. ಪ್ಯಾಕೆಟಿಗೆ 14 ರೂಪಾಯಿ ಉಳಿಯಿತು ಎಂಬ ಸಮಾಧಾನ.

ಈಗ ಉಳಿದದ್ದನ್ನು ಕೂಡಿಸಿ. ಗ್ಯಾಸ್, ಕರೆಂಟ್ 120. ಖಾರ ಕುಟ್ಟಿಸಿದ್ದು 150. ಕವರ್ ಮತ್ತು ಲೇಬಲ್ ಒಂದಕ್ಕೆ 6ರಂತೆ 300. ಇಬ್ಬರ ಒಂದು ದಿನದ ಪಗಾರ 800. ಅದರಲ್ಲಿ ಒಬ್ಬರು ನೀವೇ ಆಗಿದ್ದರೂ ಪಗಾರ ಬರೆಯಲೇಬೇಕು. ‘ಮನ್ಯಾಗ ಸುಮ್ನೆ ಕುಂತಿರ್ತೇವಲ್ಲ’ ಎಂದು ತಮ್ಮ ದುಡಿಮೆಗೆ ಸೊನ್ನೆ ಹಾಕುವ ಹೆಣ್ಣುಮಕ್ಕಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಾಳೆ ನಿಮಗೆ ಜ್ವರ ಬಂದರೆ ಆ ಕೆಲಸಕ್ಕೆ ಆಳು ಕರೆಯಬೇಕು, ಅವರೇನು ಪುಕ್ಕಟೆ ಬರುತ್ತಾರಾ? ರುಚಿ ನೋಡಲು ಕೊಟ್ಟದ್ದು, ಚೆಲ್ಲಿದ್ದು, ಕವರ್ ಹರಿದದ್ದು ಎಂದು ಇನ್ನೊಂದು 130. ಒಟ್ಟು 3,300. ಪ್ಯಾಕೆಟಿಗೆ 66 ರೂಪಾಯಿ. 50ಕ್ಕೆ ಮಾರಿದವರು ಪ್ರತಿ ಪ್ಯಾಕೆಟಿಗೆ 16 ರೂಪಾಯಿ ಕೈಯಿಂದ ಹಾಕಿದ್ದಾರೆ.

ಇಷ್ಟಕ್ಕೇ ಮುಗಿಯಲಿಲ್ಲ. ಅಂಗಡಿಯವರು ಎಂಆರ್‌ಪಿ ಮೇಲೆ 20 ಪರ್ಸೆಂಟ್ ಕೇಳಿದರು ಎನ್ನಿ. 90 ರೂಪಾಯಿ ಎಂದು ಛಾಪಿಸಿದರೆ ನಿಮಗೆ ಬರುವುದು 72. ಅದರಲ್ಲಿ ಖರ್ಚಿನ 66 ಕಳೆದು, ಪೆಟ್ರೋಲ್ ಅಥವಾ ಬಸ್ ಪಾರ್ಸಲ್‌ಗೆ 4 ಹೋದರೆ ಉಳಿಯುವುದು ಬರೀ 2 ರೂಪಾಯಿ. 100 ಎಂದು ಛಾಪಿಸಿದರೆ 10 ಉಳಿಯುತ್ತದೆ. ಆ ಹತ್ತು ರೂಪಾಯಿಯೇ ನಿಮ್ಮ ಧಂದೆ. 100 ಜಾಸ್ತಿಯಾಯಿತು ಅನ್ನಿಸಿದರೆ ಖರ್ಚು ಎಲ್ಲಿ ಇಳಿಯುತ್ತದೆ ಹುಡುಕಿ, ಪಗಾರ ಮಾತ್ರ ಅಳಿಸಬೇಡಿ. ಮನೆ ಬಾಗಿಲಿಗೆ ಬಂದವರಿಗೂ ಇದೇ ದರ ಇರಲಿ. ಮನೆಯಲ್ಲಿ 80ಕ್ಕೆ ಕೊಡುತ್ತೀರಿ ಎಂದು ಗೊತ್ತಾದ ದಿನ ಅಂಗಡಿಯವರು ಮಾಲು ವಾಪಸ್ ಕಳಿಸುತ್ತಾರೆ.

ಮೆಣಸಿನಕಾಯಿಯ ದರ ವರ್ಷವಿಡೀ ಒಂದೇ ಇರುವುದಿಲ್ಲ. ಬ್ಯಾಡಗಿ ಮಾರುಕಟ್ಟೆಗೆ ಹೊಸ ಮಾಲು ಜೋರಾಗಿ ಬರುವುದು ಜನವರಿಯಿಂದ ಮಾರ್ಚ್‌ವರೆಗೆ. ಆಗಲೇ ಖರೀದಿಸಿ, ಚೆನ್ನಾಗಿ ಒಣಗಿಸಿಡಿ. ಬ್ಯಾಡಗಿ ಕಾಯಿ ಬಣ್ಣ ಕೊಡುತ್ತದೆ, ಖಾರ ಕಡಿಮೆ. ಖಾರ ಬೇಕಾದರೆ ಗುಂಟೂರು ಕಾಯಿ ಸ್ವಲ್ಪ ಬೆರೆಸಿ. ಚೀಲದಲ್ಲಿ ಬಿಡಿಯಾಗಿ ಮಾರುವ ಕಡಿಮೆ ದರದ ಖಾರದ ಪುಡಿ ಮಾತ್ರ ಮುಟ್ಟಬೇಡಿ. ಅದರಲ್ಲಿ ಏನು ಬೆರೆತಿದೆಯೋ ಗೊತ್ತಾಗುವುದಿಲ್ಲ, ಪ್ಯಾಕೆಟ್ ಮೇಲೆ ಇರುವುದು ನಿಮ್ಮ ಹೆಸರು.

ಪ್ಯಾಕೆಟ್, ಕಾಗದಪತ್ರ

ಹುರಿದ ಶೇಂಗಾ ಪೂರ್ತಿ ಆರಲಿ. ಬೆಚ್ಚಗಿರುವಾಗಲೇ ತುಂಬಿದರೆ ಕವರಿನ ಒಳಗೆ ಬೆವರು ಕೂಡುತ್ತದೆ. ಹಸಿ ಬೆಳ್ಳುಳ್ಳಿ ಬೇಡ, ಹುರಿದು ಹಾಕಿ. ಮಿಕ್ಸರ್ ಒಂದೇ ಸಮ ಓಡಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ತೆಳು ಪ್ಲಾಸ್ಟಿಕ್ ಕವರ್, ಮೇಣಬತ್ತಿ ಸೀಲ್, ಸ್ಟೇಪ್ಲರ್ ಪಿನ್ ಮೂರನ್ನೂ ಬಿಡಿ. ದಪ್ಪ ಕವರ್ ಮತ್ತು ಕೈಯಿಂದ ಒತ್ತುವ ಸಣ್ಣ ಸೀಲಿಂಗ್ ಮಷಿನ್, ಮೊದಲ ಬಂಡವಾಳ ಇಷ್ಟೇ ಸಾಕು. ಪ್ರತಿ ಸಲ ಮಾಡಿದ್ದರಲ್ಲಿ ನಾಲ್ಕು ಪ್ಯಾಕೆಟ್ ಎತ್ತಿಟ್ಟು ವಾರಕ್ಕೊಂದು ಒಡೆದು ಮೂಸಿ ನೋಡಿ. ಕಮಟು ವಾಸನೆ ಬರುವ ಮೊದಲಿನ ಅವಧಿಯನ್ನೇ ಲೇಬಲ್ ಮೇಲೆ ಹಾಕಬೇಕು. ಮೂರು ತಿಂಗಳು ಎಂದು ಬೇರೆಯವರ ಪ್ಯಾಕೆಟ್ ನೋಡಿ ಬರೆಯುವುದು ತಪ್ಪು.

ಎಫ್‌ಎಸ್‌ಎಸ್‌ಎಐ (ಕೇಂದ್ರ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ಬೇಸಿಕ್ ನೋಂದಣಿ ಮಾಡಿಸಿ, ಶುಲ್ಕ ವರ್ಷಕ್ಕೆ 100 ರೂಪಾಯಿ. ಆ 14 ಅಂಕಿಯ ಸಂಖ್ಯೆ, ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನ, ಎಂಆರ್‌ಪಿ, ವಿಳಾಸ, ಫೋನ್ ನಂಬರ್, ಸಸ್ಯಾಹಾರದ ಹಸಿರು ಗುರುತು ಲೇಬಲ್ ಮೇಲೆ ಇರಲಿ. ಶೇಂಗಾ ಕೆಲವರಿಗೆ ಅಲರ್ಜಿ, ಅದನ್ನೂ ಬರೆಯಿರಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಅದಕ್ಕೆ ಸಾವಿರ ರೂಪಾಯಿ ಕೇಳುವ ಏಜೆಂಟರಿಗೆ, ವೆಬ್‌ಸೈಟಿಗೆ ಕೊಡಬೇಡಿ. ಸಾಲ ಬೇಕೇ ಬೇಕಾದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡವಿಲ್ಲದೆ ಸಿಗುತ್ತದೆ. ಆದರೆ ಮೊದಲ ಆರು ತಿಂಗಳು ಸಾಲವಿಲ್ಲದೇ ನಡೆಸಿ.

ಅಂಗಡಿಗೆ ಕೊಡುವಾಗ

ಮೂರು ಅಂಗಡಿ ಸಾಕು. ‘ಮಾರಾಟ ಆದಮ್ಯಾಲ ರೊಕ್ಕ ಕೊಡ್ತೇವಿ’ ಎಂಬ ಮಾತು ಎಲ್ಲ ಕಡೆ ಬರುತ್ತದೆ. ಒಪ್ಪಬಹುದು, ಆದರೆ ಒಂದು ಷರತ್ತು ಹಾಕಿ: ಹೊಸ ಮಾಲು ಇಳಿಸುವ ಮೊದಲು ಹಳೇ ಬಿಲ್ ಚುಕ್ತಾ ಆಗಬೇಕು. ಇದನ್ನು ಮೊದಲ ದಿನವೇ ಹೇಳಿ, ಎರಡನೇ ಸಲ ಹೇಳುವುದು ಕಷ್ಟ. ಕೊಟ್ಟ ಪ್ಯಾಕೆಟ್, ಬಂದ ರೊಕ್ಕ, ವಾಪಸ್ ಬಂದದ್ದು ಮೂರನ್ನೂ ಒಂದು ವಹಿಯಲ್ಲಿ ಬರೆದು, ಅಂಗಡಿಯವರ ಸಹಿ ಹಾಕಿಸಿಕೊಳ್ಳಿ. ವಾಪಸ್ ಬಂದದ್ದನ್ನು ಹೊಸ ಹಿಂಡಿಯಲ್ಲಿ ಬೆರೆಸಬಾರದು. ಎರಡು ಸಲ ಬಿಲ್ ಬಾಕಿ ಉಳಿಸಿದ ಅಂಗಡಿಯನ್ನು ಬಿಟ್ಟು ಬೇರೆ ಅಂಗಡಿ ಹುಡುಕಿ. ಮೂರೂ ಕಡೆ ರೊಕ್ಕ ತಪ್ಪದೆ ಬರತೊಡಗಿದ ಮೇಲೆ ಗುರೆಳ್ಳು ಹಿಂಡಿ ಶುರು ಮಾಡಬಹುದು. ಅದಕ್ಕೂ ಬೇರೆ ವಹಿ, ಬೇರೆ ಲೆಕ್ಕ.