ಕೀಳದೆ ಬಿಟ್ಟ ತೊಗರಿ: 20 ಗುಂಟೆಯಲ್ಲಿ ನನ್ನ ಅನುಭವ

ನಮ್ಮದು ಚಿತ್ತಾಪುರ ತಾಲೂಕು. ಎರೆ ಭೂಮಿ, ಮಳೆ ಬಿಟ್ಟರೆ ಬೇರೆ ನೀರಿಲ್ಲ. ಪ್ರತಿ ವರ್ಷ ತೊಗರಿ ಕೊಯ್ದು ರಾಶಿ ಮಾಡುತ್ತೇವೆ, ಕಟ್ಟಿಗೆ ಒಲೆಗೆ ಹೋಗುತ್ತದೆ, ಹೊಲಕ್ಕೆ ಟ್ರ್ಯಾಕ್ಟರ್ ಇಳಿಯುತ್ತದೆ. ಆದರೆ ನಮ್ಮ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಒಂದು ತೊಗರಿ ಗಿಡ ನಾಲ್ಕು ವರ್ಷ ನಿಂತಿತ್ತು. ಅವ್ವ ಅದರಿಂದಲೇ ಹಸಿ ಕಾಯಿ ಬಿಡಿಸಿ ಪಲ್ಯ ಮಾಡುತ್ತಿದ್ದಳು. ತೊಗರಿ ಹುಟ್ಟಾ ಬಹುವರ್ಷದ ಪೊದೆ, ಅದನ್ನು ಒಂದು ವರ್ಷದ ಬೆಳೆ ಮಾಡಿಕೊಂಡವರು ನಾವು.

ಅಮೆರಿಕದ ಕಾನ್ಸಾಸ್‌ನಲ್ಲಿ ವೆಸ್ ಜಾಕ್ಸನ್ 1976ರಲ್ಲಿ ಕಟ್ಟಿದ ಲ್ಯಾಂಡ್ ಇನ್‌ಸ್ಟಿಟ್ಯೂಟ್ ಅನ್ನುವ ಸಂಶೋಧನಾ ಸಂಸ್ಥೆ ಬಗ್ಗೆ ಓದಿದಾಗ ಆ ಗಿಡವೇ ನೆನಪಾಯಿತು. ಹುಲ್ಲುಗಾವಲನ್ನು ಯಾರೂ ಉಳುವುದಿಲ್ಲ, ಬಿತ್ತುವುದಿಲ್ಲ, ಆದರೂ ಮಣ್ಣು ಕೊಚ್ಚಿ ಹೋಗುವುದಿಲ್ಲ, ಹಾಗಾದರೆ ಕಾಳಿನ ಬೆಳೆಯೂ ಹಾಗೇ ಯಾಕಿರಬಾರದು ಅನ್ನುವುದು ಅವರ ಲೆಕ್ಕ. ಅವರ ಕೆರ್ನ್ಜಾ ಅನ್ನುವ, ಕಾಳು ಕೊಡುವ ಬಹುವರ್ಷದ ಹುಲ್ಲಿನ ಬೇರು 3 ಮೀಟರ್ ತನಕ ಇಳಿಯುತ್ತದೆ, ಇಳುವರಿ ಮಾತ್ರ ಗೋಧಿಗಿಂತ ಬಹಳ ಕಡಿಮೆ. ಚೀನಾದ ಯುನ್ನಾನ್‌ನಲ್ಲಿ ಕಾಡುಭತ್ತದ ಜೊತೆ ಕ್ರಾಸ್ ಮಾಡಿ ಪಡೆದ ಪಿಆರ್23 ಭತ್ತವನ್ನು ಒಮ್ಮೆ ನಾಟಿ ಮಾಡಿ ನಾಲ್ಕು ವರ್ಷ ಕೊಯ್ದಿದ್ದಾರೆ. ಅವರು ಇಷ್ಟೆಲ್ಲ ಒದ್ದಾಡಿ ತಂದ ಗುಣ ನಮ್ಮ ತೊಗರಿಗೆ ಮೊದಲೇ ಇದೆ, ಅಲ್ವಾ?

ಕೊಯ್ದ ಮೇಲೂ ಗಿಡ ಕೀಳದೆ ಬಿಟ್ಟು ನೋಡೋಣ ಅಂತ 20 ಗುಂಟೆ ತೆಗೆದಿಟ್ಟೆ. ನೆಟೆ ರೋಗ, ಗೊಡ್ಡು ರೋಗ ಎರಡನ್ನೂ ತಡೆಯುತ್ತದೆ ಅಂತ ಕೆಂಪು ಕಾಳಿನ ಬಿಎಸ್‌ಎಂಆರ್-736 ತಳಿ ಹಾಕಿದೆ. ಸಾಲಿಂದ ಸಾಲಿಗೆ 5 ಅಡಿ, ಗಿಡದಿಂದ ಗಿಡಕ್ಕೆ 3 ಅಡಿ. ನಡುವೆ ಹೆಸರು. ಮೊದಲ ವರ್ಷ 2 ಕ್ವಿಂಟಲ್ 60 ಕಿಲೋ ಬಂತು, ಅದರಲ್ಲಿ ಹೇಳುವಂಥದ್ದೇನಿಲ್ಲ.

ಕಷ್ಟ ಶುರುವಾಗಿದ್ದು ಕೊಯ್ಲಿನಲ್ಲಿ. ಸೊಂಟದ ಮಟ್ಟಕ್ಕೆ ಕತ್ತರಿಸಿ, ಕೆಳಗಿನ ಎಲೆ ಇರುವ ರೆಂಬೆ ಮುಟ್ಟಬೇಡಿ ಅಂತ ಹೇಳಿ ನಾನು ಚಹಾ ತರಲು ಹೋದೆ. ಬರುವಷ್ಟರಲ್ಲಿ ಎರಡು ಸಾಲು ಬುಡಕ್ಕೇ ಹೋಗಿದ್ದವು. ಆಳುಗಳದ್ದು ತಪ್ಪಲ್ಲ, ಕೈಗೆ ಅಭ್ಯಾಸ ಅದೇ. ಆ ಎರಡು ಸಾಲಿನಲ್ಲಿ ಹತ್ತರಲ್ಲಿ ಒಂದೂ ಚಿಗುರಲಿಲ್ಲ. ಪಕ್ಕದ ಹೊಲದ ಕಾಕಾ ಬಾಂದದ ಮೇಲೆ ನಿಂತು, "ಏನ್ ತಮ್ಮಾ, ಹೊಲದಾಗ ಕಟಗಿ ಬೆಳಿಲತ್ತೀ ಏನು?" ಅಂದರು.

ರಾಶಿ ಮುಗಿದ ಮೇಲೆ ನಮ್ಮ ಕಡೆ ಹೊಲವೆಲ್ಲ ದನಕರುಗಳಿಗೆ ಬಯಲು. ಸುತ್ತ ಜಾಲಿ ಮುಳ್ಳು ಹಚ್ಚಿದೆ. ಒಂದು ಮಧ್ಯಾಹ್ನ ಮುಳ್ಳು ಸರಿಸಿದ್ದು ಮರೆತು ಊಟಕ್ಕೆ ಹೋಗಿದ್ದೆ. ಆಡುಗಳು ನಾಲ್ಕು ಸಾಲಿನ ಚಿಗುರನ್ನು ಚೊಕ್ಕ ಮಾಡಿದ್ದವು.

ಮೇ ತಿಂಗಳಲ್ಲಿ ನೋಡಬೇಕಿತ್ತು. ಆಚೆ ಹೊಲ ಬಣಬಣ. ಇಲ್ಲಿ ಮೊಣಕೈ ತನಕ ಕೈ ಇಳಿಯುವಂಥ ಬಿರುಕು, ಬಿರುಕಿನ ಆ ಗೋಡೆಯಿಂದ ಈ ಗೋಡೆಗೆ ಹಗ್ಗದ ಹಾಗೆ ತೊಗರಿ ಬೇರು. ಮೇಲೆ ಹಸಿರು ಎಲೆ. ಉದುರಿದ ಎಲೆ ಸರಿಸಿದರೆ ಬೆರಳಿಗೆ ತಂಪು ಹತ್ತುತ್ತಿತ್ತು. ಮಿರಗದ (ಮೃಗಶಿರಾ) ಮೊದಲ ದೊಡ್ಡ ಮಳೆಗೆ ಆಚೆ ಹೊಲದಿಂದ ಕಪ್ಪು ನೀರು ಹರಿಯಿತು, ನನ್ನ ತುಂಡಿನಿಂದ ಬಂದದ್ದು ಅಷ್ಟು ರಾಡಿ ಇರಲಿಲ್ಲ. ನಾನು ಹಿಗ್ಗಿ ಕಾಕಾನನ್ನು ಕರೆದು ತೋರಿಸಿದೆ. ಸುಮ್ನೆ ಇರಬೇಕಿತ್ತು.

ಯಾಕೆಂದರೆ ಸೆಪ್ಟೆಂಬರ್‌ನಲ್ಲಿ ಗಿಡ ಬಾಡತೊಡಗಿದವು. ಒಂದನ್ನು ಕಿತ್ತು ಕುಡುಗೋಲಿನಿಂದ ಕಾಂಡ ಸೀಳಿದೆ. ಒಳಗೆ ಕಂದು ಗೆರೆ, ಬುಡದಿಂದ ಮೇಲಕ್ಕೆ. ನೆಟೆ ರೋಗ. ಮಣ್ಣಿನಲ್ಲಿರುವ ಶಿಲೀಂಧ್ರಕ್ಕೆ ಅದೇ ಜಾಗದಲ್ಲಿ ಅದೇ ಬೇರು ಎರಡನೇ ವರ್ಷವೂ ಸಿಕ್ಕಿತ್ತು. ತಳಿ ತಡೆಯುತ್ತದೆ ಅಂದರೆ ಎಷ್ಟೇ ವರ್ಷವಾದರೂ ತಡೆಯುತ್ತದೆ ಅಂತ ನಾನು ತಿಳಿದಿದ್ದೆ. ಅಲ್ಲಲ್ಲಿ ಗೊಡ್ಡು ಗಿಡಗಳೂ ಕಂಡವು. ಸಣ್ಣ ತಿಳಿ ಎಲೆ, ಹೂವಿಲ್ಲ. ಈ ರೋಗ ಹರಡುವ ನುಸಿ ಬೇಸಿಗೆಯಲ್ಲಿ ಬದುಕುವುದೇ ಇಂಥ ಹಳೆ ಗಿಡಗಳ ಮೇಲೆ, ಅದಕ್ಕೇ ಕೃಷಿ ವಿಜ್ಞಾನಿಗಳು ಹಳೆ ಗಿಡ ಕೀಳಿ ಅನ್ನುವುದು. ನನಗೂ ಹೇಳಿದ್ದರು, ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ನನ್ನ ಪ್ರಯೋಗದಿಂದ ಕಾಕಾನ ಬೆಳೆ ಕೆಟ್ಟರೆ ಏನು ಮುಖ ಇಟ್ಟುಕೊಂಡು ಬಾಂದ ದಾಟಲಿ? ಗೊಡ್ಡು ಕಂಡ ದಿನವೇ ಕಿತ್ತು ಸುಟ್ಟೆ.

ಎರಡನೇ ವರ್ಷ ಬಂದದ್ದು 1 ಕ್ವಿಂಟಲ್ 10 ಕಿಲೋ. ಉಳುಮೆ, ಬೀಜ, ಬಿತ್ತನೆ ಖರ್ಚು ಉಳಿಯಿತು ನಿಜ. ಆದರೆ ಕಾಯಿಕೊರಕಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವುದು ತಪ್ಪಲಿಲ್ಲ, ಮುಳ್ಳು ಹಚ್ಚಿದ ಕೂಲಿಯೇ ಜಾಸ್ತಿ ಆಯಿತು. ಬೆಳೆಯಿಂದಲೇ ಸಾಲ ತೀರಿಸುವವರು ಇದನ್ನು ಇಡೀ ಹೊಲಕ್ಕೆ ಮಾಡಬೇಡಿ. ಹುಲ್ಲುಗಾವಲಿನಲ್ಲಿ ನೂರು ಜಾತಿ ಕೂಡಿ ಬೆಳೆಯುತ್ತವೆ, ನಾನು ಒಂದೇ ತಳಿ ತುಂಬಿಸಿ ಅದನ್ನು ನಿಸರ್ಗ ಅಂದುಕೊಂಡಿದ್ದೆ.

ಆ ಜನವರಿಯಲ್ಲಿ ಎಲ್ಲ ಕಿತ್ತು ಜೋಳಕ್ಕೆ ಬಿಟ್ಟೆ. ಕೀಳುವ ಮೊದಲು ಯಾವ ರೋಗವೂ ತಾಗದ 38 ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿ ಬೀಜ ಬೇರೆ ತೆಗೆದಿದ್ದೆ. ಜೇನು ಓಡಾಡಿ ಪರಾಗ ಬೆರೆಸಿರುತ್ತದೆ, ಎಲ್ಲ ತಾಯಿಯಂತೆಯೇ ಬರುವುದಿಲ್ಲ. ಅದನ್ನು ಬಾಂದದ ಮೇಲೆ ಮಾತ್ರ ದೂರದೂರ ಊರಿದೆ, ನಡುವೆ ಔಡಲ, ಪುಂಡಿ. ಈ ಸಲ ಎಳ್ಳಮಾವಾಸ್ಯೆಯ ಭಜ್ಜಿಗೆ ಅವ್ವ ಹಸಿ ಕಾಯಿ ಹರಿದದ್ದು ಅಲ್ಲಿಂದಲೇ. ಅದರಲ್ಲಿ ಎಷ್ಟು ಗಿಡ ಈ ಬೇಸಿಗೆ ದಾಟುತ್ತವೋ ಎಣಿಸಿ ಮಿರಗದ ಹೊತ್ತಿಗೆ ಬರೆಯುತ್ತೇನೆ.