ಮೂರು ರಾಡ್, ಒಂದು ದೋಣಿ: ಹಿನ್ನೀರಿನಲ್ಲಿ ವೇಗ ಮತ್ತು ಸೀಸದ ಲೆಕ್ಕ

ಟ್ರೋಲಿಂಗ್‌ಗೆ, ಅಂದರೆ ಓಡುವ ದೋಣಿಯ ಹಿಂದೆ ಗಾಳ ಎಳೆದು ಮೀನು ಹಿಡಿಯುವುದಕ್ಕೆ, ದಾರಕ್ಕೆ ಎಷ್ಟು ಗ್ರಾಂ ಸೀಸ ಕಟ್ಟಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು, ದೋಣಿ ಎಷ್ಟು ಜೋರಾಗಿ ಓಡಿಸುತ್ತೀರಿ ಅಂತ. ಇವೆರಡೂ ಒಂದೇ ಲೆಕ್ಕ. ದೋಣಿ ಜೋರಾದರೆ ಸೀಸ ಮೇಲೇಳುತ್ತದೆ, ನಿಧಾನವಾದರೆ ಇಳಿಯುತ್ತದೆ. ಅದೂ ಸ್ವಲ್ಪ ಅಲ್ಲ. ಗಂಟೆಗೆ 2 ಕಿ.ಮೀ. ಇದ್ದದ್ದು 3ಕ್ಕೆ ಏರಿದರೆ ನೀರಿನ ಎಳೆತ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ, ಹಾಗಾಗಿ 30 ಗ್ರಾಂ ಸಾಕಾಗುತ್ತಿದ್ದ ಕಡೆ 60, 70 ಗ್ರಾಂ ಬೇಕಾಗುತ್ತದೆ.

ನಾನು ಹೇಳುತ್ತಿರುವುದು ಕೊಡಗಿನ ಹಾರಂಗಿಯಂಥ ಡ್ಯಾಮಿನ ಹಿನ್ನೀರಿಗೆ. ಸಣ್ಣ ಬ್ಯಾಟರಿ ಮೋಟಾರಿನ ದೋಣಿ, ಇಬ್ಬರು ಜನ, ಮೂರು ರಾಡ್. ಕಾಫಿ ಕೊಯ್ಲು ಮುಗಿಸಿ ಹೂಮಳೆಗೆ ಕಾಯುವ ದಿನಗಳು ಇದಕ್ಕೆ ಒಳ್ಳೆಯದು, ನೀರು ತಿಳಿಯಾಗಿರುತ್ತದೆ. ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ಅನುಮತಿ ಇಲ್ಲದೆ ಇಳಿಯಬೇಡಿ. ಆಮೇಲೆ ಪೇಪರಿನಲ್ಲಿ ಡ್ಯಾಮಿನ ನೀರಿನ ಮಟ್ಟ ನೋಡಿ. ಹಾರಂಗಿಯ ಗರಿಷ್ಠ ಮಟ್ಟ 2859 ಅಡಿ. ಅಲ್ಲಿಂದ ಇಪ್ಪತ್ತು ಅಡಿ ಇಳಿದಿದ್ದರೆ, ಹೋದ ಸಲ ಸಲೀಸಾಗಿ ದಾಟಿ ಬಂದ ಮುಳುಗಿದ ಬೊಡ್ಡೆ ಈ ಸಲ ನಿಮ್ಮ ಗಾಳ ಹಿಡಿಯುತ್ತದೆ.

ಕಾಟ್ಲಾ, ರೋಹು ಓಡುವ ಲೂರಿನ (ನಕಲಿ ಎರೆಯ) ಹಿಂದೆ ಬೀಳುವ ಮೀನಲ್ಲ. ನಾವು ಹುಡುಕುವುದು ಬಾಳೆ ಮೀನಿನಂಥ ಬೇಟೆ ಮೀನನ್ನು. ಮಹಶೀರ್ ಬಿದ್ದರೆ ನೀರಿನಲ್ಲಿಟ್ಟೇ ಗಾಳ ಬಿಡಿಸಿ ಬಿಟ್ಟುಬಿಡಿ. ಕಾವೇರಿಯ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನಂಚಿನ ಮೀನುಗಳ ಕೆಂಪು ಪಟ್ಟಿಗೆ ಸೇರಿದೆ, ಮತ್ತು ಅದು ನಮ್ಮ ಹೊಳೆಯ ಮೀನು. ಹೊರಡುವ ಮೊದಲೇ ಗಾಳದ ಹಿಂಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಬಿಡಿಸಲು ಅರ್ಧ ನಿಮಿಷವೂ ಬೇಡ.

ಈಗ ವೇಗ. ದೋಣಿ ಒಂದೇ, ಹಾಗಾಗಿ ಮೂರೂ ರಾಡಿಗೆ ವೇಗವೂ ಒಂದೇ. ಸ್ಪಿನ್ನರ್ (ತಗಡು ತಿರುಗುವ ಲೂರ್) 2 ಕಿ.ಮೀ. ಆಸುಪಾಸಿನಲ್ಲಿ ಚೆನ್ನಾಗಿ ತಿರುಗುತ್ತದೆ, ಪ್ಲಗ್‌ಗೆ (ಮೀನಿನಾಕಾರದ ಗಟ್ಟಿ ಲೂರಿಗೆ) ಸಾಮಾನ್ಯವಾಗಿ 3ರಿಂದ 5 ಬೇಕು. ಎರಡನ್ನೂ ಬೆರೆಸಿದರೆ ಯಾವುದೋ ಒಂದು ಸುಮ್ನೆ ನೀರು ಸುತ್ತುತ್ತಿರುತ್ತದೆ, ಅಲ್ವಾ? ಮೂರೂ ಒಂದೇ ವೇಗಕ್ಕೆ ಒಗ್ಗುವ ಲೂರ್ ಇರಲಿ. ಪ್ರತಿಯೊಂದನ್ನೂ ಮೊದಲು ದೋಣಿಯ ಪಕ್ಕದಲ್ಲೇ, ಒಂದು ಮಾರು ದಾರದಲ್ಲಿ ಬಿಟ್ಟು ಕಣ್ಣಾರೆ ನೋಡಿ. ಸರಿಯಾಗಿ ಆಡುತ್ತಿರುವ ಪ್ಲಗ್ ರಾಡಿನ ತುದಿಯನ್ನು ಸಣ್ಣಗೆ, ಒಂದೇ ಸಮನೆ ನಡುಗಿಸುತ್ತದೆ. ಆ ನಡುಕ ನಿಂತರೆ ಎಲೆಯೋ ಕಸವೋ ಸಿಕ್ಕಿದೆ ಅಂತ ಅರ್ಥ, ಎಳೆದು ನೋಡಿ. ಮೊಬೈಲಿನ ವೇಗದ ಆ್ಯಪ್ ಇರಲಿ, ಆದರೆ ಗಾಳಿ ಎದ್ದ ಮಧ್ಯಾಹ್ನ ನಾನು ಆ ತುದಿಯನ್ನೇ ನಂಬುತ್ತೇನೆ.

ಆಳ ತಿಳಿಯುವುದು ದಾರದ ಓರೆಯಿಂದ. ನೀರಿನ ಮೇಲ್ಮೈಗೆ 45 ಡಿಗ್ರಿ ಓರೆಯಲ್ಲಿ 20 ಮೀಟರ್ ದಾರ ಇಳಿದಿದ್ದರೆ ಸೀಸ ಸುಮಾರು 14 ಮೀಟರ್ ಕೆಳಗಿದೆ. 30 ಡಿಗ್ರಿಗೆ ಮಲಗಿದ್ದರೆ 10. ದಾರ ಕೆಳಗೆ ಹೋದಂತೆ ಇನ್ನೂ ನೆಟ್ಟಗಾಗುವುದರಿಂದ ನಿಜವಾದ ಆಳ ಇದಕ್ಕಿಂತ ತುಸು ಹೆಚ್ಚೇ, ಆದ್ದರಿಂದ ಬೊಡ್ಡೆ ಇರುವ ಕಡೆ ಎರಡು ಮೀಟರ್ ಕಡಿಮೆ ಬಿಡಿ. ಸೀಸ ಲೂರಿನಿಂದ ಒಂದೂವರೆ ಮೀಟರ್ ಮುಂದಿರಲಿ, ನಡುವೆ ಸ್ವಿವೆಲ್ (ತಿರುಗುವ ಕೊಂಡಿ) ಹಾಕದಿದ್ದರೆ ದಾರ ಹುರಿಗಟ್ಟುತ್ತದೆ. ತಂಗೂಸಿಗಿಂತ ತೆಳು ಬ್ರೇಡ್ (ಹೆಣೆದ) ದಾರಕ್ಕೆ ಎಳೆತ ಕಡಿಮೆ, ಅದೇ ಸೀಸ ಇನ್ನೂ ಆಳಕ್ಕೆ ಹೋಗುತ್ತದೆ. ಹಾಗಾಗಿ ಮೂರಕ್ಕೂ ಒಂದೇ ಥರದ ದಾರ ಹಾಕಿ.

ಜೋಡಿಸುವ ಕ್ರಮ ಹೀಗೆ. ದೋಣಿಯ ನಡುವೆ ಎಡಕ್ಕೊಂದು ಬಲಕ್ಕೊಂದು ರಾಡ್ ಹೊರಚಾಚಿ, 60 ಗ್ರಾಂ ಕಟ್ಟಿ, ದಾರ ಗಿಡ್ಡ. ಹಿಂದಿನ ರಾಡಿಗೆ 20 ಗ್ರಾಂ ಅಥವಾ ಬರೀ ಪ್ಲಗ್, 35, 40 ಮೀಟರ್ ದೂರಕ್ಕೆ. ಭಾರದ್ದು ಕಡಿದಾಗಿ ಕೆಳಗಿಳಿಯುತ್ತದೆ, ಹಗುರದ್ದು ಅದರ ಮೇಲಿನಿಂದ ಹಿಂದಕ್ಕೆ ಹೋಗುತ್ತದೆ, ಒಂದಕ್ಕೊಂದು ಸಿಕ್ಕುವುದಿಲ್ಲ. ಬಿಡುವಾಗ ಹಿಂದಿನದು ಮೊದಲು, ಸುತ್ತುವಾಗ ಅದೇ ಕೊನೆಗೆ. ನಾನೊಮ್ಮೆ ಮೂರಕ್ಕೂ ಒಂದೇ ತೂಕ, ಒಂದೇ ಉದ್ದ ಬಿಟ್ಟು ಗಕ್ಕನೆ ತಿರುಗಿಸಿದ್ದೆ. ಗಂಟು ಬಿಡಿಸಲಾಗದೆ ಕೊನೆಗೆ ನೂರು ಮೀಟರ್ ದಾರ ಕತ್ತರಿಸಬೇಕಾಯಿತು. ಮೀನು ಆಡುವ ಬೆಳಗಿನ ಒಂದು ಗಂಟೆ ಅದರಲ್ಲೇ ಹೋಯಿತು.

ತಿರುವು ಯಾವಾಗಲೂ ಅಗಲವಾಗಿರಲಿ, ಅದು ಪಾಠವನ್ನೂ ಹೇಳಿಕೊಡುತ್ತದೆ. ತಿರುಗುವಾಗ ಹೊರಬದಿಯ ಲೂರ್ ಜೋರಾಗಿ ಮೇಲೇಳುತ್ತದೆ, ಒಳಬದಿಯದು ನಿಧಾನವಾಗಿ ಇಳಿಯುತ್ತದೆ. ಹೊರಗಿನದಕ್ಕೆ ಮೀನು ಹೊಡೆದರೆ ಅರ್ಧ ಕಿ.ಮೀ. ವೇಗ ಹೆಚ್ಚಿಸಿ ನೋಡಿ, ಒಳಗಿನದಕ್ಕೆ ಹೊಡೆದರೆ ಇಳಿಸಿ. ಎರಡು ಮೂರು ತಿರುವಿನಲ್ಲಿ ಅದೇ ಬದಿಗೆ ಹೊಡೆದರೆ ಆ ದಿನದ ವೇಗ ಸಿಕ್ಕಿತು.

ಮೀನು ಬಿದ್ದ ಕೂಡಲೇ ಮೋಟಾರ್ ಆಫ್ ಮಾಡಬೇಡಿ. ಉಳಿದ ಎರಡು ಸೀಸ ನೇರ ತಳಕ್ಕೆ ಹೋಗಿ ಬೊಡ್ಡೆಗೆ ಸಿಕ್ಕಿಕೊಳ್ಳುತ್ತವೆ. ವೇಗ ಅರ್ಧಕ್ಕೆ ಇಳಿಸಿ, ಜೊತೆಗಾರ ಉಳಿದ ರಾಡ್ ಎರಡನ್ನೂ ಸುತ್ತಿ ಒಳಗಿಡಲಿ, ಆಮೇಲೆ ದೋಣಿ ನಿಲ್ಲಿಸಿ.