ನಮ್ಮ ನಂಬಿಕೆ ಮಕ್ಕಳ ಕಲಿಕೆಗೆ ಅಡ್ಡ ಬರುತ್ತಿದೆಯೇ? ತರಗತಿಯಲ್ಲೇ ಎಣಿಸಿ ನೋಡುವ ಬಗೆ

"ಇವನ ತಲೆಗೆ ಲೆಕ್ಕ ಹತ್ತಲ್ಲ", "ಹೆಣ್ಣುಮಕ್ಕಳಿಗೆ ಇಷ್ಟು ಸಾಕು". ಇಂಥ ಮಾತನ್ನು ಬಾಯಿಬಿಟ್ಟು ಆಡದ ಶಿಕ್ಷಕರ ಪಾಠದಲ್ಲೂ ಆ ನಂಬಿಕೆ ಇಣುಕುತ್ತದೆ. ಯಾರಿಗೆ ಪ್ರಶ್ನೆ ಹೋಗುತ್ತದೆ, ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತೇವೆ ಎಂಬುದರಲ್ಲಿ ಅದು ಕಾಣುತ್ತದೆ. ಅದನ್ನು ಎಣಿಸಬಹುದು.

ಒಂದು ಹಾಳೆಯಲ್ಲಿ ಮಕ್ಕಳು ಕೂರುವ ಜಾಗದ ನಕ್ಷೆ ಬರೆದು ಸಹೋದ್ಯೋಗಿಯ ಕೈಗೆ ಕೊಡಿ. ಒಂದೇ ಪದದ ಉತ್ತರ ಬೇಡುವ ಪ್ರಶ್ನೆಗೆ ಚುಕ್ಕೆ, "ಯಾಕೆ", "ಹೇಗೆ" ಎಂಬ ಪ್ರಶ್ನೆಗೆ ಗೀಟು ಹಾಕಲಿ. ಮೊದಲ ದಿನದ ಲೆಕ್ಕ ಬಿಟ್ಟುಬಿಡಿ, ಅಂದು ಎಲ್ಲರೂ ಎಚ್ಚರದಿಂದ ಪಾಠ ಮಾಡುತ್ತಾರೆ. ಮುಂದಿನ ಮೂರು ಅವಧಿಗಳದ್ದು ಸಾಕು. ಏಕೋಪಾಧ್ಯಾಯ ಶಾಲೆಯಾದರೆ ಮೇಜಿನ ಮೇಲೆ ಮೊಬೈಲ್ ಇಟ್ಟು ಧ್ವನಿ ಮುದ್ರಿಸಿ, ಕೇಳಿದ ಮೇಲೆ ಅಳಿಸಿಬಿಡಿ.

ನಕ್ಷೆಯಲ್ಲಿ ಜಾಗ ಖಾಲಿ ಉಳಿದ ಮಕ್ಕಳ ಜೊತೆಗೆ ಚುಕ್ಕೆ ಮಾತ್ರ ಬಿದ್ದ ಮಕ್ಕಳನ್ನೂ ಗಮನಿಸಿ. "ಪಾಪ, ಮನೇಲಿ ಓದಿದೋರಿಲ್ಲ" ಎಂದು ಸುಲಭದ್ದನ್ನೇ ಕೇಳುವುದು ಬೈಗುಳದಷ್ಟೇ ಕೆಡುಕು ಮಾಡುತ್ತದೆ. ಬೈದರೆ ಮಗುವಿಗೆ ನೋವಾದರೂ ಗೊತ್ತಾಗುತ್ತದೆ, ಕನಿಕರದಲ್ಲಿ ತಾನು ಕಳೆದುಕೊಂಡದ್ದೇ ಗೊತ್ತಾಗುವುದಿಲ್ಲ. ಅಂಥ ಮಗುವಿಗೆ ದಿನಕ್ಕೆ ಒಂದಾದರೂ "ಯಾಕೆ" ಕೇಳಿ, ಮನಸ್ಸಿನಲ್ಲೇ ನಿಧಾನವಾಗಿ ಐದರವರೆಗೆ ಎಣಿಸಿ ಕಾಯಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ವಿಜ್ಞಾನದ ತರಗತಿಗಳಲ್ಲಿ ಅಳೆದಾಗ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದು 3 ಸೆಕೆಂಡ್ ಆದಾಗ ಉತ್ತರ ಉದ್ದವಾಯಿತು, ಬಾಯಿ ಬಿಡದ ಮಕ್ಕಳೂ ಮಾತಾಡಿದರು.

ಮೊಳಕಾಲ್ಮೂರು, ಚಳ್ಳಕೆರೆ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಲಂಬಾಣಿ ರಾಜಸ್ಥಾನದ ನುಡಿಗಳ ಬಳಗದ್ದು, ಕನ್ನಡದ್ದಲ್ಲ. ಹಾಗಾಗಿ ಈ ಮಕ್ಕಳ ಕನ್ನಡದಲ್ಲಿ ಕ್ರಿಯಾಪದದ ಕೊನೆ ತಪ್ಪಿದರೆ ಅದನ್ನು ದಡ್ಡತನವೆಂದು ಓದಬೇಡಿ. ಮೊದಲು ಮನೆಮಾತಲ್ಲೇ ಹೇಳಲಿ, ಬಲ್ಲ ಗೆಳೆಯ ಕನ್ನಡಕ್ಕೆ ತರಲಿ, ಆಮೇಲೆ ಆ ಮಗುವೇ ಅದನ್ನು ಕನ್ನಡದಲ್ಲಿ ಹೇಳಲಿ. ಈ ಕೊನೆಯ ಹೆಜ್ಜೆ ಬಿಟ್ಟರೆ ಕನ್ನಡ ಕಲಿಯುವುದು ಗೆಳೆಯ ಮಾತ್ರ.

ವಿದ್ಯಾರ್ಥಿವೇತನದ ಪಟ್ಟಿಗಾಗಿ "ಎಸ್‌ಸಿ, ಎಸ್‌ಟಿಯವರು ಎದ್ದು ನಿಲ್ಲಿ" ಎನ್ನುವುದನ್ನು ಇಂದೇ ನಿಲ್ಲಿಸಿ. ಉತ್ತರ ಪ್ರದೇಶದ ಹಳ್ಳಿಯ ಹುಡುಗರಿಗೆ ಹಾಫ್ ಮತ್ತು ಪಾಂಡೆ ಎಂಬ ಸಂಶೋಧಕರು ದಾರಿ ಹುಡುಕುವ ಒಗಟು ಕೊಟ್ಟಿದ್ದರು. ಜಾತಿ ಹೇಳದಿದ್ದಾಗ ಎಲ್ಲರೂ ಹೆಚ್ಚುಕಡಿಮೆ ಸಮ. ಜಾತಿಯನ್ನು ಎಲ್ಲರೆದುರು ಹೇಳಿದಾಗ ಕೆಳಜಾತಿ ಎನಿಸಿಕೊಂಡ ಹುಡುಗರು ಬಿಡಿಸಿದ ಒಗಟು ಕಡಿಮೆಯಾಯಿತು. ಮಾಹಿತಿ ಬೇಕಿದ್ದರೆ ದಾಖಲಾತಿ ಪುಸ್ತಕ ನೋಡಿ, ಇಲ್ಲವೇ ಒಬ್ಬೊಬ್ಬರನ್ನೇ ಕರೆದು ಕೇಳಿ. ಪರೀಕ್ಷೆಯ ದಿನವಂತೂ ಬೇಡವೇ ಬೇಡ.

ಮೌಲ್ಯಮಾಪನಕ್ಕೆ ಹೆಸರನ್ನು ಕೊನೆಯ ಪುಟದಲ್ಲಿ ಬರೆಸಿ. ಸಣ್ಣ ಶಾಲೆಯಲ್ಲಿ ಕೈಬರಹವೇ ಗುರುತು ಹೇಳುವುದರಿಂದ, ಯಾವ ಅಂಶಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದಿಟ್ಟುಕೊಂಡು, ಎಲ್ಲರ ಮೊದಲ ಉತ್ತರ ತಿದ್ದಿದ ಮೇಲೆ ಎರಡನೆಯದಕ್ಕೆ ಹೋಗಿ.

ಎರಡು ವಾರ ಬಿಟ್ಟು ಮತ್ತೆ ನಕ್ಷೆ ತುಂಬಿಸಿ. ಖಾಲಿ ಜಾಗ ಹಾಗೇ ಇದ್ದರೆ ನೀವು ನಿಲ್ಲುವ ಜಾಗ ನೋಡಿಕೊಳ್ಳಿ. ಕರಿಹಲಗೆಯ ಒಂದೇ ಬದಿಗೆ ನಿಂತರೆ ಪ್ರಶ್ನೆಯೂ ಆ ಬದಿಗೇ ಹೋಗುತ್ತದೆ. ಪ್ರತಿ ಸೋಮವಾರ ಸಾಲು ಬದಲಿಸಿ, ಹಿಂದಿನ ಸಾಲಿನ ಪಕ್ಕ ನಿಂತು ಪಾಠ ಶುರುಮಾಡಿ.